ಕಾಲುವೆಯ ನೀರೂ ಬದುವಿನ ಹುಲ್ಲೂ

ಹಾಲಿನ ಬೆಲೆ ಏರಿತೆಂದು ಗೊಣಗುವ ನಗರವಾಸಿಗಳಾದ ನಾವು ದನ ಮೇಯುವ ಹುಲ್ಲಿನ ವಿಚಾರವನ್ನು ಕೇಳುವುದು ಅಪರೂಪ. ಆ ಹುಲ್ಲನ್ನು ಹೊರುವ ಮಣ್ಣಿನ ವಿಚಾರವನ್ನಂತೂ ಕೇಳುವುದೇ ಇಲ್ಲ. ನೀರು ಹರಿದಲ್ಲಿ ಹಸುರು ತಾನಾಗಿಯೇ ನಿಲ್ಲುವುದೆಂದು ನಮ್ಮ ನಂಬಿಕೆ. ಚರಿತ್ರೆಯು ಇದನ್ನು ಅರ್ಧಮಾತ್ರವೇ ಒಪ್ಪುತ್ತದೆ.

ಉತ್ತರ ಕನ್ನಡದ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳನ್ನು ಮೊದಲು ನೋಡೋಣ. ಜೋಯಿಡಾದ ಕಾಡಿನಲ್ಲಿ ಮಳೆ ಅತಿಶಯ. ಹಳಿಯಾಳ, ಮುಂಡಗೋಡಗಳ ಕಡೆಗೆ ಬಂದಂತೆ ಅದು ಇಳಿಯುತ್ತದೆ, ಕೆರೆಗಳು ಕಾಣಿಸಿಕೊಳ್ಳುತ್ತವೆ. ಕೆರೆಯ ನೀರಿನಲ್ಲಿ ತಲೆಮಾರುಗಳಿಂದ ಭತ್ತ ಬೆಳೆದರೂ ಈ ಸೀಮೆ ಉಪ್ಪಿನ ನೆಲವಾಗಲಿಲ್ಲ. ಅಲ್ಲಿಯ ಕೆಂಪುಮಣ್ಣು ನೀರನ್ನು ಬೇಗ ಬಸಿಯುತ್ತದೆ. ಇಳಿಜಾರೂ ಮಳೆಗಾಲವೂ ಕೂಡಿ ಲವಣಗಳನ್ನು ಹೊಳೆಗೆ ಒಯ್ಯುತ್ತವೆ. ಅಂತಹ ಮಣ್ಣಿನ ದೋಷವೆಂದರೆ ಹುಳಿ. ಅದು ಬೇಡುವುದು ಸುಣ್ಣವನ್ನು.

ಈ ಜಿಲ್ಲೆಯು ೧೮೬೨ರಿಂದ ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಅದೇ ಆಡಳಿತದಲ್ಲಿ, ಪುಣೆಯ ಕಡೆಯ ನೀರಾ ಕಣಿವೆಯಲ್ಲಿ, ಕಥೆ ಬೇರೆಯಾಯಿತು. ೧೮೮೦ರ ದಶಕದಲ್ಲಿ ಕಾಲುವೆ ಬಂದಿತು, ಕಬ್ಬು ಬಂದಿತು. ಕೆಲವು ದಶಕಗಳಲ್ಲಿ ಒಳ್ಳೆಯ ಹೊಲಗಳು ಸವಳು ಬಿದ್ದವು. ಹೆರಾಲ್ಡ್ ಮ್ಯಾನ್ ಮತ್ತು ತಮ್ಹಣೆ ಎಂಬ ಕೃಷಿವಿಜ್ಞಾನಿಗಳು ಆ ಉಪ್ಪುನೆಲಗಳನ್ನು ಪರೀಕ್ಷಿಸಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು.

ಕಾರಣವು ಸರಳ. ಕರಿಮಣ್ಣು ನೀರನ್ನು ಬೇಗ ಬಿಡದು. ಮಿಕ್ಕ ನೀರು ಕೆಳಗೆ ಸೇರಿ ಅಂತರ್ಜಲವನ್ನು ಮೇಲೆತ್ತುತ್ತದೆ. ಬಿಸಿಲಿಗೆ ನೀರು ಆವಿಯಾಗಿ, ಅದು ಹೊತ್ತು ತಂದ ಉಪ್ಪು ಮೇಲುಮಣ್ಣಿನಲ್ಲಿ ಉಳಿಯುತ್ತದೆ. ಸೋಡಿಯಂ ಹೆಚ್ಚಿದಲ್ಲಿ ಜೇಡಿಯು ಉಬ್ಬಿ, ಬೇರಿಗೆ ಗಾಳಿಯೂ ದೊರೆಯದು. ಇದು ಒಂದೆರಡು ವರ್ಷದ ಕೆಲಸವಲ್ಲ. ಮೊದಮೊದಲು ಪೈರೂ ಮೇವೂ ಸಮೃದ್ಧವಾಗಿಯೇ ಬರುತ್ತವೆ. ರೈತನು ಮೋಸಹೋಗುವುದು ಅಲ್ಲಿಯೇ. ಬದುವನ್ನು ನೋಡುವವನಿಗೆ ಸುಳಿವು ಮೊದಲೇ ಸಿಕ್ಕೀತು: ಉಪ್ಪನ್ನು ತಾಳದ ಎಳೆಯ ಮೇವು ಸೊರಗುತ್ತದೆ, ಗರಿಕೆಯಂತಹ ಗಟ್ಟಿಪ್ರಾಣದ ಹುಲ್ಲು ಉಳಿಯುತ್ತದೆ, ಕಡೆಗೆ ಬಿಳಿಯ ಪುಡಿ ಕಾಣುತ್ತದೆ.

ಇಷ್ಟು ತಿಳಿದ ಮೇಲೂ ನಮ್ಮ ತುಂಗಭದ್ರೆಯಲ್ಲಿ ಅದೇ ಪ್ರಸಂಗ ಮರುಕಳಿಸಿತು. ೧೯೫೩ರಲ್ಲಿ ಕಾಲುವೆಗೆ ನೀರು ಬಿಟ್ಟಾಗ, ರಾಯಚೂರು ಸೀಮೆಯ ಬಹುಭಾಗಕ್ಕೆ ಗೊತ್ತುಮಾಡಿದ್ದು ಅಲ್ಪ ನೀರಿನ ಬೆಳೆಗಳನ್ನು. ಕಾಲುವೆಯ ತಲೆಭಾಗದವರು ಭತ್ತವನ್ನು ಹಿಡಿದರು. ಅವರನ್ನು ದೂರುವುದು ಸುಲಭ. ಎದುರಿಗೆ ಹರಿಯುವ ನೀರನ್ನು ಬಿಟ್ಟು ಜೋಳ ಬಿತ್ತೆಂದು ಹೇಳುವವರು ಸ್ವತಃ ಬಿತ್ತುವವರಲ್ಲ. ಸರ್ಕಾರದ ತಪ್ಪು, ನನ್ನ ಮಟ್ಟಿಗೆ, ಹೆಚ್ಚು ದೊಡ್ಡದು: ನೀರನ್ನು ತರುವ ಕಾಲುವೆಗೆ ತೋರಿದ ಉತ್ಸಾಹವನ್ನು ಹೆಚ್ಚಿದ ನೀರನ್ನು ಒಯ್ಯುವ ಬಸಿಗಾಲುವೆಗೆ ತೋರಲಿಲ್ಲ. ಪರಿಣಾಮವಾಗಿ ಮೇಲಿನ ಹೊಲಗಳು ಜವಳಾದವು, ಕೊನೆಯ ಹೊಲಗಳು ನೀರಿಗಾಗಿ ಕಾದವು.

ಕೆಟ್ಟ ನೆಲವು ಪೂರ್ತಿ ಸತ್ತುದಲ್ಲ. ನೀರುಹುಲ್ಲೆಂದು ಕರೆಯುವ ಪ್ಯಾರಾ ಹುಲ್ಲು ಜವಳಿನಲ್ಲಿಯೂ ಬೆಳೆಯುತ್ತದೆ. ಕರ್ನಾಲ್ ಹುಲ್ಲು ಕ್ಷಾರನೆಲದಲ್ಲಿ ಬೇರೂರಿ, ಕೆಲವು ವರ್ಷಗಳಲ್ಲಿ ಮಣ್ಣನ್ನು ಸಡಿಲಮಾಡುತ್ತದೆ. ದನಕ್ಕೆ ಮೇವೂ ಆಗುತ್ತದೆ. ಕ್ಷಾರ ಹೆಚ್ಚಿದಲ್ಲಿ ಜಿಪ್ಸಮ್ಮನ್ನೂ ಹಾಕುವರು. ಆದರೆ ಅದರಿಂದ ಬಿಡುಗಡೆಯಾದ ಸೋಡಿಯಂ ಹೊರಹೋಗಲು ಹಾದಿ ಬೇಕು. ಬಸಿಗಾಲುವೆಯನ್ನು ತೋಡದ ಹೊಲದಲ್ಲಿ ಅದು ಅಲ್ಲಿಯೇ ಉಳಿದು, ಮುಂದಿನ ಬೇಸಗೆಯಲ್ಲಿ ಮತ್ತೆ ಮೇಲೇರುತ್ತದೆ.