ಕಿಟ್ಟೆಲ್ ಕಣ್ಮುಚ್ಚಿದ ಊರು: ಟ್ಯೂಬಿಂಗನ್ ಚರಿತ್ರೆ ಕುರಿತು ಒಂದು ಟಿಪ್ಪಣಿ

ಕನ್ನಡ ವಿದ್ವತ್ತಿನ ಚರಿತ್ರೆಯಲ್ಲಿ ಟ್ಯೂಬಿಂಗನ್ ಎಂಬ ಜರ್ಮನ್ ಊರಿನ ಹೆಸರು ಮುಖ್ಯವಾಗಿ ಮೂರು ಕಡೆ ಬರುತ್ತದೆ. 1858ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಹರ್ಮನ್ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1896ರಲ್ಲಿ ಅದೇ ಗೌರವ ಫರ್ಡಿನೆಂಡ್ ಕಿಟ್ಟೆಲ್ಲರಿಗೆ ಸಂದಿತು. 1903ರ ಡಿಸೆಂಬರಿನಲ್ಲಿ ಕಿಟ್ಟೆಲ್ ಅದೇ ಊರಿನಲ್ಲಿ ತೀರಿಕೊಂಡರು. ನಮ್ಮ ಗ್ರಂಥಗಳು ಇಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತವೆ. ನೆಕ್ಕರ್ ನದಿಯ ದಂಡೆಯ ಒಂದು ಸಣ್ಣ ಊರು ಮಂಗಳೂರಿನಲ್ಲಿ ಅಚ್ಚಾದ ಪುಸ್ತಕಗಳ ಬೆಲೆಯನ್ನು ಗುರುತಿಸುವಷ್ಟು ಸಿದ್ಧವಾಗಿದ್ದದ್ದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇದಕ್ಕೆ ಉತ್ತರ ಊರಿನ ದೀರ್ಘ ಚರಿತ್ರೆಯಲ್ಲಿದೆ ಎಂಬುದು ಈ ಟಿಪ್ಪಣಿಯ ವಾದ. ಅದೇ ಚರಿತ್ರೆಯಲ್ಲಿ ಕರಾಳವಾದ ಪುಟಗಳೂ ಇವೆ. ಅವನ್ನು ಬಿಟ್ಟು ಬರೆದರೆ ಉತ್ತರ ಅರ್ಧ ಸುಳ್ಳಾಗುತ್ತದೆ.

ಟ್ಯೂಬಿಂಗನ್ ಇರುವುದು ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಒಂದು ಬದಿಗೆ ನೆಕ್ಕರ್, ಇನ್ನೊಂದು ಬದಿಗೆ ಆಮ್ಮರ್ ಎಂಬ ಸಣ್ಣ ಹೊಳೆ, ನಡುವಿನ ದಿಣ್ಣೆಯ ಮೇಲೆ ಕೋಟೆ. ಈ ನೆಲದ ಏರಿಳಿತವೇ ಊರಿನ ಸಮಾಜವನ್ನೂ ಎರಡಾಗಿ ಒಡೆಯಿತು. ಚರ್ಚು, ವಿಶ್ವವಿದ್ಯಾಲಯ, ಪ್ರಾಧ್ಯಾಪಕರ ಮನೆಗಳು ಮೇಲಣ ಕೇರಿಯಲ್ಲಿ; ಆಮ್ಮರ್ ಕಾಲುವೆಯ ಬದಿಯ ಕೆಳಗಣ ಕೇರಿಯಲ್ಲಿ ದ್ರಾಕ್ಷಿ ಬೆಳೆಗಾರರು, ಕಸುಬುದಾರರು. ಈ ಬೆಳೆಗಾರರನ್ನು ಊರಲ್ಲಿ ‘ಗೋಗನ್’ ಎಂದು ಕರೆಯುತ್ತಿದ್ದರು. ಒರಟು ಮಾತಿಗೆ ಅವರು ಹೆಸರುವಾಸಿ, ಅವರ ಹೆಸರಿನಲ್ಲಿ ಹುಟ್ಟಿಕೊಂಡ ನಗೆಚಟಾಕಿಗಳು ಇಂದಿಗೂ ಅಲ್ಲಿ ಚಾಲ್ತಿಯಲ್ಲಿವೆ. ಊರಿನ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಮೇಲಣ ಕೇರಿಯ ಕಣ್ಣಿನಿಂದ ನೋಡಿದವರು ಎಂಬುದನ್ನು ಓದುವಾಗ ನೆನಪಿಡಬೇಕು.

ಕೋಟೆಯ ಮೊದಲ ಲಿಖಿತ ಉಲ್ಲೇಖ 1078ರದು. ಪೋಪ್ ಮತ್ತು ಚಕ್ರವರ್ತಿಗಳ ನಡುವಿನ ಅಧಿಕಾರದ ಜಗಳದಲ್ಲಿ ನಾಲ್ಕನೆಯ ಹೆನ್ರಿ ಆ ವರ್ಷ ಇದಕ್ಕೆ ಮುತ್ತಿಗೆ ಹಾಕಿದ. ಮುಂದಿನ ಶತಮಾನದ ನಡುವಿನ ಹೊತ್ತಿಗೆ ಇಲ್ಲಿನ ಕೌಂಟ್‌ಗಳು ಪ್ಯಾಲಟೈನ್ ಪದವಿಗೆ ಏರಿದರು, ತಮ್ಮದೇ ನಾಣ್ಯ ಹೊಡೆಸಿದರು, ಮುಂದೆ ಹತ್ತಿರದ ಬೇಬನ್‌ಹೌಸನ್‌ನಲ್ಲಿ ಮಠ ಕಟ್ಟಿಸಿದರು. 1231ರ ಹೊತ್ತಿಗೆ ಟ್ಯೂಬಿಂಗನ್ ಪಟ್ಟಣವೆಂದು ದಾಖಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಈ ಮನೆತನದ ಸಿರಿ ನಿಲ್ಲಲಿಲ್ಲ. ಸಾಲ ಬೆಳೆಯಿತು. 1342ರಲ್ಲಿ ಗೋಟ್ಸ್ ಮತ್ತು ವಿಲ್‌ಹೆಲ್ಮ್ ಎಂಬ ಸೋದರರು ಕೋಟೆ, ಪಟ್ಟಣ, ಜನ ಎಲ್ಲವನ್ನೂ ವ್ಯೂರ್ಟೆಂಬರ್ಗ್‌ನ ಕೌಂಟ್ ಮೂರನೆಯ ಉಲ್ರಿಖ್‌ನಿಗೆ 20,000 ಪೌಂಡ್ ಹೆಲ್ಲರ್ ನಾಣ್ಯಕ್ಕೆ ಮಾರಿಬಿಟ್ಟರು. ಆಸುಪಾಸಿನ ಷೋನ್‌ಬುಖ್ ಕಾಡಿನಲ್ಲಿ ಬೇಟೆಯಾಡುವ ಹಕ್ಕನ್ನು ಮಾತ್ರ ತಮಗೆ ಉಳಿಸಿಕೊಂಡರು. ಟ್ಯೂಬಿಂಗನ್ ಅಂದಿನಿಂದ ವ್ಯೂರ್ಟೆಂಬರ್ಗ್‌ನ ಊರಾಯಿತು.

ಊರಿನ ಹಣೆಬರಹ ನಿಜಕ್ಕೂ ಬದಲಾದದ್ದು 1477ರಲ್ಲಿ. ಗಡ್ಡದ ಎಬರ್‌ಹಾರ್ಡ್ ಎಂದೇ ಹೆಸರಾದ ಕೌಂಟ್ ಎಬರ್‌ಹಾರ್ಡ್, ಪೋಪ್ ನಾಲ್ಕನೆಯ ಸಿಕ್ಸ್ಟಸ್‌ನ ಒಪ್ಪಿಗೆ ಪಡೆದು ಇಲ್ಲಿ ವಿಶ್ವವಿದ್ಯಾಲಯ ತೆರೆದ. ಇದಕ್ಕೆ ಬೇಕಾದ ಆದಾಯ ಬಂದದ್ದು ಸಿಂಡೆಲ್‌ಫಿಂಗನ್ ಎಂಬ ಊರಿನ ಚರ್ಚಿನ ದತ್ತಿಯಿಂದ. ಅಲ್ಲಿನ ಪಾದ್ರಿಗಳ ಸಂಘವನ್ನೇ ಹಿಂದಿನ ವರ್ಷ ಟ್ಯೂಬಿಂಗನ್‌ಗೆ ವರ್ಗಾಯಿಸಲಾಗಿತ್ತು. ಕಾನೂನು ಪಂಡಿತ, ಚರಿತ್ರಕಾರ ಯೊಹಾನ್ನೆಸ್ ನೌಕ್ಲೇರಸ್ ಮೊದಲ ಕುಲಪತಿ. ಎಬರ್‌ಹಾರ್ಡ್ ಅದೇ ವರ್ಷದ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯಕ್ಕೆ ಒಂದು ಸನ್ನದು ಕೊಟ್ಟ. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೆರಿಗೆ ಮಾಫಿ, ಅವರದೇ ನ್ಯಾಯವ್ಯವಸ್ಥೆ, ರಕ್ಷಣೆ ಇವೆಲ್ಲ ಅದರಲ್ಲಿವೆ. ಯೆಹೂದಿಗಳನ್ನು ಊರಿನಲ್ಲಿ ಇರಗೊಡಬಾರದು ಎಂಬ ಆಜ್ಞೆಯೂ ಅದರಲ್ಲೇ ಇದೆ. ಅವರು ಬಾಳಿದ ಬೀದಿಯ ಹೆಸರು ಮಾತ್ರ ಊರಿನಲ್ಲಿ ಉಳಿಯಿತು. ವಿಶ್ವವಿದ್ಯಾಲಯದ ಸ್ಥಾಪನೆಯನ್ನು ಕೊಂಡಾಡುವ ಬರಹಗಳು ಈ ಸಾಲನ್ನು ಅಡಿಟಿಪ್ಪಣಿಗೆ ತಳ್ಳುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಮುಖ್ಯ ಪಠ್ಯದಲ್ಲೇ ಇರಬೇಕು. ವಿದ್ಯೆಗೆ ಬಾಗಿಲು ತೆರೆದ ಕೈಯೇ ಒಂದು ಸಮುದಾಯಕ್ಕೆ ಬಾಗಿಲು ಮುಚ್ಚಿತು, ಇದರ ಪರಿಣಾಮ ಇಪ್ಪತ್ತನೆಯ ಶತಮಾನದವರೆಗೂ ಮುಂದುವರಿಯಿತು.

ಇಂಥದೇ ಎರಡು ಮುಖದ ಇನ್ನೊಂದು ದಾಖಲೆ 1514ರ ಜುಲೈ 8ರ ಟ್ಯೂಬಿಂಗನ್ ಒಪ್ಪಂದ. ಡ್ಯೂಕ್ ಉಲ್ರಿಖ್‌ನ ಸಾಲ ಒಂಬತ್ತು ಲಕ್ಷ ಗುಲ್ಡನ್ ದಾಟಿತ್ತು. ಅದನ್ನು ತೀರಿಸಲು ಅವನು ಅಂಗಡಿಯ ತೂಕದ ಬಟ್ಟುಗಳನ್ನೇ ಹಗುರ ಮಾಡಿಸಿದ: ಅದೇ ಬೆಲೆ, ಕಡಿಮೆ ಮಾಂಸ, ಕಡಿಮೆ ಹಿಟ್ಟು. ರೈತರು, ಬಡವರು ‘ಬಡ ಕೊನ್ರಾಡ್’ ಎಂಬ ಹೆಸರಿನಲ್ಲಿ ದಂಗೆಯೆದ್ದರು. ಆಗ ಪಟ್ಟಣಗಳ ಪ್ರಮುಖರೂ ಚರ್ಚಿನ ಹಿರಿಯರೂ ಟ್ಯೂಬಿಂಗನ್‌ನಲ್ಲಿ ಡ್ಯೂಕನೊಡನೆ ಮಾತುಕತೆಗೆ ಕೂತರು. ಅವನ ಸಾಲವನ್ನು ತಾವು ಹೊತ್ತುಕೊಂಡರು. ಪ್ರತಿಯಾಗಿ ಅವನಿಂದ ಮಾತು ಪಡೆದರು: ತಮ್ಮನ್ನು ಕೇಳದೆ ಹೊಸ ತೆರಿಗೆ ಇಲ್ಲ, ವಿಚಾರಣೆಯಿಲ್ಲದೆ ಯಾರಿಗೂ ಪ್ರಾಣದಂಡನೆ ಇಲ್ಲ, ನಾಡು ಬಿಟ್ಟು ಹೋಗಬಯಸುವವರಿಗೆ ತಡೆ ಇಲ್ಲ. ಆ ಕಾಲಕ್ಕೆ ಇದು ದೊಡ್ಡ ಮಾತು. ಆದರೆ ಯಾರ ದಂಗೆಯಿಂದ ಈ ಒಪ್ಪಂದ ಸಾಧ್ಯವಾಯಿತೋ ಆ ರೈತರಿಗೆ ಮಾತುಕತೆಯಲ್ಲಿ ಜಾಗವೇ ಇರಲಿಲ್ಲ. ಅವರ ದಂಗೆಯನ್ನು ಬಡಿದು ಹಾಕಿ, ಮುಂದಾಳುಗಳ ತಲೆ ತೆಗೆಯಲಾಯಿತು.

ಇನ್ನು ಈ ಟಿಪ್ಪಣಿಯ ತಿರುಳಿಗೆ ಬರುತ್ತೇನೆ. 1534ರಲ್ಲಿ ಉಲ್ರಿಖ್ ಪ್ರಾಟೆಸ್ಟೆಂಟ್ ಮತವನ್ನು ನಾಡಿನ ಮೇಲೆ ತಂದ. ಹೊಸ ಮತಕ್ಕೆ ಓದಿದ ಪಾದ್ರಿಗಳು ಬೇಕಿತ್ತು. 1536ರಲ್ಲಿ ಸ್ಟಿಫ್ಟ್ ಎಂಬ ಸಂಸ್ಥೆ ಹುಟ್ಟಿದ್ದು ಅದಕ್ಕಾಗಿ. ಕೆಲವೇ ವರ್ಷಗಳಲ್ಲಿ ಅದು ಅಗಸ್ಟೀನಿಯನ್ ಮಠದ ಹಳೆಯ ಕಟ್ಟಡಕ್ಕೆ ಬಂತು. ನಾಡಿನ ಚುರುಕು ಹುಡುಗರನ್ನು ಪರೀಕ್ಷೆಯಿಂದ ಆರಿಸಿ, ಮೊದಲು ಮೌಲ್‌ಬ್ರೋನ್‌ನಂಥ ಮಠಶಾಲೆಗಳಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸಿ, ಬಳಿಕ ಸ್ಟಿಫ್ಟ್‌ಗೆ ಕಳಿಸುತ್ತಿದ್ದರು. ಊಟ, ವಸತಿ, ಪಾಠ ಎಲ್ಲ ಸರ್ಕಾರದ ಖರ್ಚು. ನಮ್ಮಲ್ಲಿ ವಾರಾನ್ನ ಉಂಡು ಓದಿದ ಹುಡುಗರ ಕಥೆ ಕೇಳಿದವರಿಗೆ ಇದರ ಮಹತ್ವ ಬೇಗ ಹೊಳೆಯುತ್ತದೆ. ಖಗೋಳಜ್ಞ ಕೆಪ್ಲರ್ 1589ರಲ್ಲಿ ಹೀಗೆಯೇ ಬಂದ, ಮಿಖಾಯೆಲ್ ಮೆಸ್ಟ್ಲಿನ್ ಎಂಬ ಗುರುವಿನಿಂದ ಕೊಪರ್ನಿಕಸ್‌ನ ಸಿದ್ಧಾಂತ ಕಲಿತ. ಎರಡು ಶತಮಾನದ ನಂತರ ಹೋಲ್ಡರ್‌ಲಿನ್, ಹೆಗೆಲ್, ಷೆಲ್ಲಿಂಗ್ ಇಲ್ಲೇ ಒಟ್ಟಿಗೆ ಓದಿದರು. ಇವು ಜಗತ್ತಿಗೇ ತಿಳಿದ ಹೆಸರುಗಳಾದ್ದರಿಂದ ಬೆಳೆಸುವುದಿಲ್ಲ.

ಕಡಿಮೆ ತಿಳಿದಿರುವುದು ಭಾಷೆಗಳ ಕಡೆಯ ಕೆಲಸ. ಸ್ಲೊವೇನ್ ಭಾಷೆಯ ಮೊತ್ತಮೊದಲ ಮುದ್ರಿತ ಪುಸ್ತಕಗಳಾದ ಒಂದು ಧರ್ಮಬೋಧೆ ಮತ್ತು ಒಂದು ಅಕ್ಷರಮಾಲೆ 1550ರಲ್ಲಿ ಅಚ್ಚಾದದ್ದು ಟ್ಯೂಬಿಂಗನ್‌ನಲ್ಲಿ. ಬರೆದವನು ಪ್ರಿಮೊಜ್ ಟ್ರುಬಾರ್, ಮತದ ಕಾರಣಕ್ಕೆ ಸ್ವಂತ ನಾಡಿನಿಂದ ಓಡಿಬಂದ ಪಾದ್ರಿ. ತನ್ನ ಹೆಸರನ್ನೂ ಅಚ್ಚಾದ ಊರನ್ನೂ ಮರೆಮಾಚಿ ಅವನ್ನು ಹೊರತಂದ. ಮುಂದೆ 1561ರಿಂದ 1565ರವರೆಗೆ ಹತ್ತಿರದ ಊರಾಖ್‌ನಲ್ಲಿ ಹಾನ್ಸ್ ಉಂಗ್ನಾಡ್ ಎಂಬ ಆಸ್ಟ್ರಿಯದ ಗಣ್ಯನ ಮುದ್ರಣಾಲಯ ನಡೆಯಿತು. ಗ್ಲಾಗೊಲಿಟಿಕ್, ಸಿರಿಲಿಕ್ ಲಿಪಿಗಳ ಮೊಳೆ ಮಾಡಿಸಿ ಕ್ರೊಯೇಷಿಯನ್ ಪುಸ್ತಕಗಳನ್ನೂ ಅಲ್ಲಿ ಅಚ್ಚುಹಾಕಿದರು. ಟ್ರುಬಾರ್ 1586ರಲ್ಲಿ ತೀರಿಕೊಂಡದ್ದು ಡೆರೆಂಡಿಂಗನ್‌ನಲ್ಲಿ. ಈಗ ಅದು ಟ್ಯೂಬಿಂಗನ್‌ನ ಒಂದು ಭಾಗ. ಅದೇ ಕಾಲದಲ್ಲಿ ಗ್ರೀಕ್ ಪ್ರಾಧ್ಯಾಪಕ ಮಾರ್ಟಿನ್ ಕ್ರೂಸಿಯಸ್ ಕಾನ್‌ಸ್ಟಾಂಟಿನೋಪಲ್‌ನ ಧರ್ಮಗುರುವಿನೊಡನೆ ಪತ್ರವ್ಯವಹಾರ ನಡೆಸಿದ. ಊರಿಗೆ ಬರುವ ಗ್ರೀಕ್ ಅಲೆಮಾರಿಗಳನ್ನು ಮನೆಯಲ್ಲಿ ಕೂರಿಸಿಕೊಂಡು ಅವರ ಆಡುಮಾತನ್ನು ಬರೆದುಕೊಂಡ. ಹೋಮರನ ಗ್ರೀಕ್ ಬಲ್ಲ ಪಂಡಿತನೊಬ್ಬ ಬೀದಿಯ ಗ್ರೀಕ್ ಕಲಿಯಲು ಹೀಗೆ ಕೂತದ್ದು ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಅಪರೂಪದ ಸಂಗತಿ.

ಮೂವತ್ತು ವರ್ಷಗಳ ಯುದ್ಧ ಈ ಪರಂಪರೆಯನ್ನು ಹೆಚ್ಚುಕಡಿಮೆ ಮುರಿಯಿತು. 1634ರಲ್ಲಿ ಶತ್ರುಸೈನ್ಯ ಊರನ್ನು ಹಿಡಿಯಿತು, ಬೆನ್ನಿಗೇ ಪ್ಲೇಗು ಬಂತು. ಹೀಬ್ರೂ ಪ್ರಾಧ್ಯಾಪಕ ವಿಲ್‌ಹೆಲ್ಮ್ ಷಿಕಾರ್ಡ್ 1635ರಲ್ಲಿ ಪ್ಲೇಗಿಗೆ ಬಲಿಯಾದ. 1623ರಲ್ಲೇ ಅವನು ಲೆಕ್ಕ ಮಾಡುವ ಯಂತ್ರವೊಂದನ್ನು ರಚಿಸಿ ಕೆಪ್ಲರ್‌ಗೆ ಅದರ ಬಗ್ಗೆ ಬರೆದಿದ್ದ. ಆ ಕಾಗದಗಳು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದವು. 1647ರಲ್ಲಿ ಫ್ರೆಂಚರು ಕೋಟೆಯ ಒಂದು ಬುರುಜನ್ನು ಸಿಡಿಮದ್ದಿನಿಂದ ಉರುಳಿಸಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆಗೆ ಬೇರೆಯೇ ಬಾಳು ಬಂತು. ಅದರ ಹಳೆಯ ಅಡುಗೆಮನೆಯಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯವಿತ್ತು. 1869ರಲ್ಲಿ ಫ್ರೀಡ್‌ರಿಖ್ ಮೀಷರ್ ಎಂಬ ಯುವಕ ಆಸ್ಪತ್ರೆಯ ಕೀವು ಮೆತ್ತಿದ ಬಟ್ಟೆಗಳಿಂದ ಜೀವಕೋಶಗಳನ್ನು ತೊಳೆದು ತೆಗೆದು, ಅವುಗಳ ನ್ಯೂಕ್ಲಿಯಸ್‌ನಲ್ಲಿದ್ದ ಹೊಸ ವಸ್ತುವೊಂದನ್ನು ಬೇರ್ಪಡಿಸಿದ. ಇಂದು ಡಿಎನ್‌ಎ ಎನ್ನುವುದರ ಅಧ್ಯಯನ ಅಲ್ಲಿಂದ ಶುರುವಾಗುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯವೂ ಆಗ ಅದೇ ಕೋಟೆಯಲ್ಲಿತ್ತು. ಅದರ ಮುಖ್ಯಸ್ಥರು ರುಡಾಲ್ಫ್ ರೋಥ್, ಓಟ್ಟೊ ಬ್ಯೋಟ್‌ಲಿಂಕ್ ಜೊತೆ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಏಳು ಸಂಪುಟಗಳ ಸಂಸ್ಕೃತ ನಿಘಂಟು ಹೊರತಂದ ವಿದ್ವಾಂಸರು (1855–75). ಅಥರ್ವವೇದದ ಪೈಪ್ಪಲಾದ ಶಾಖೆಯ ಭೂರ್ಜಪತ್ರದ ಪ್ರತಿ ಕಾಶ್ಮೀರದಿಂದ ಅವರ ಕೈಸೇರಿತು. ಅದು ಇಂದಿಗೂ ಟ್ಯೂಬಿಂಗನ್‌ನಲ್ಲಿದೆ.

ಮೋಗ್ಲಿಂಗ್, ಮಲಯಾಳಂ ನಿಘಂಟಿನ ಗುಂಡರ್ಟ್ ಇಬ್ಬರೂ ಈ ಮಣ್ಣಿನವರು. 1811ರಲ್ಲಿ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದ ಮೋಗ್ಲಿಂಗ್ ಟ್ಯೂಬಿಂಗನ್‌ನಲ್ಲಿ ಧರ್ಮಶಾಸ್ತ್ರ ಓದಿ, 1836ರಲ್ಲಿ ಬಾಸೆಲ್ ಮಿಷನ್ ಮೂಲಕ ಮಂಗಳೂರಿಗೆ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ತೆಗೆದರು. 1848ರಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚಿಗೆ ತಂದರು. ಗುಂಡರ್ಟ್ ಸ್ಟಿಫ್ಟ್‌ನಲ್ಲಿ ಓದುವಾಗ, ಯೇಸುವಿನ ಚರಿತ್ರೆಯನ್ನು ವಿಮರ್ಶಿಸಿ ಯೂರೋಪನ್ನೇ ಕಲಕಿದ ಡೇವಿಡ್ ಫ್ರೀಡ್‌ರಿಖ್ ಸ್ಟ್ರೌಸ್ ಅವರ ಅಧ್ಯಾಪಕನಾಗಿದ್ದ. ಪಠ್ಯವನ್ನು ಪಾಠಾಂತರ ಸಮೇತ ನೋಡುವುದು, ವ್ಯಾಕರಣದಿಂದ ಅರ್ಥಕ್ಕೆ ಹೋಗುವುದು, ಆಡುಮಾತಿಗೂ ಶಾಸ್ತ್ರದ ಮರ್ಯಾದೆ ಕೊಡುವುದು, ಇವು ಮಂಗಳೂರಿಗೆ ಬಂದಿಳಿದ ಮೇಲೆ ಅವರಿಗೆ ಹೊಸದಾಗಿ ಹೊಳೆದವಲ್ಲ. ಆ ಅಭ್ಯಾಸಕ್ಕೆ ಊರಿನಲ್ಲಿ ಮುನ್ನೂರು ವರ್ಷಗಳ ಹಿನ್ನೆಲೆಯಿತ್ತು.

ಇಲ್ಲೊಂದು ಎಚ್ಚರಿಕೆ ಬೇಕು. ಕಿಟ್ಟೆಲ್ ಟ್ಯೂಬಿಂಗನ್‌ನ ವಿದ್ಯಾರ್ಥಿಯಲ್ಲ. ಅವರು ಉತ್ತರದ ಕಡಲತೀರದ ಫ್ರೀಸ್‌ಲ್ಯಾಂಡಿನವರು, ತರಬೇತಿ ಪಡೆದದ್ದು ಬಾಸೆಲ್‌ನಲ್ಲಿ. 1896ರಲ್ಲಿ ಪದವಿ ಬಂದಾಗ ರೋಥ್ ತೀರಿಕೊಂಡು ಒಂದು ವರ್ಷವಾಗಿತ್ತು. ಆದ್ದರಿಂದ ಯಾರೋ ಒಬ್ಬ ಗುರುವಿನ ಒಲವಿನಿಂದ ಈ ಗೌರವ ಬಂತೆಂದು ನಾನು ವಾದಿಸುತ್ತಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಸುಮಾರು 70,000 ಪದಗಳ ಕನ್ನಡ ನಿಘಂಟನ್ನು ಕಂಡಾಗ ಅದು ಎಷ್ಟು ದೊಡ್ಡ ಕೆಲಸವೆಂದು ಅಳೆಯಬಲ್ಲ ವಿದ್ವತ್ಸಮುದಾಯ ಅಲ್ಲಿ ತಲೆಮಾರುಗಳಿಂದ ಇತ್ತು ಎನ್ನುವುದಷ್ಟೇ ನನ್ನ ನಿಲುವು. ಕಿಟ್ಟೆಲ್ಲರ ಕನ್ನಡ ವ್ಯಾಕರಣ ಹೊರಬಂದದ್ದೂ ಅವರು ತೀರಿಕೊಂಡ 1903ರಲ್ಲೇ.

ಇಷ್ಟು ಹೇಳಿ ನಿಲ್ಲಿಸಿದರೆ ಊರಿಗೆ ಬರೀ ಹಾರ ಹಾಕಿದಂತಾಗುತ್ತದೆ. 1477ರ ಸನ್ನದಿನಿಂದ ಹೊರಬಿದ್ದ ಯೆಹೂದಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಊರಿಗೆ ಬಂದು 1882ರಲ್ಲಿ ಪ್ರಾರ್ಥನಾಮಂದಿರ ಕಟ್ಟಿಕೊಂಡರು. 1938ರ ನವೆಂಬರ್ 9ರ ರಾತ್ರಿ ನಾಜಿಗಳು ಅದಕ್ಕೆ ಬೆಂಕಿಯಿಟ್ಟರು. 1933ರಲ್ಲಿ ಬೇರೆ ವಿಶ್ವವಿದ್ಯಾಲಯಗಳಿಂದ ಯೆಹೂದಿ ಅಧ್ಯಾಪಕರನ್ನು ಸಾಲುಸಾಲಾಗಿ ಹೊರಹಾಕಿದಾಗ ಟ್ಯೂಬಿಂಗನ್‌ನಲ್ಲಿ ಹಾಗೆ ಹೊರಹೋದವರು ತೀರ ಕೆಲವರು. ಕಾರಣ, ಅಲ್ಲಿ ಮೊದಲಿನಿಂದಲೂ ಅವರನ್ನು ಒಳಗೆ ಬಿಟ್ಟುಕೊಂಡಿರಲೇ ಇಲ್ಲ. ಮರಣದಂಡನೆಗೆ ಗುರಿಯಾದವರ, ದುಡಿಸಿ ಸಾಯಿಸಿದ ಕೈದಿಗಳ ಹೆಣಗಳು ಇಲ್ಲಿನ ಅಂಗರಚನಾಶಾಸ್ತ್ರ ವಿಭಾಗಕ್ಕೆ ಬಂದವು. ಅವರನ್ನು ಹೂಳಿದ ಜಾಗ ಊರಿನ ಸ್ಮಶಾನದಲ್ಲಿದೆ. ಯುದ್ಧಕಾಲದ ಮೇಯರ್ ಅರ್ನ್ಸ್ಟ್ ವೈನ್‌ಮನ್ ಬೆಲ್‌ಗ್ರೇಡ್‌ನಲ್ಲಿ ಎಸ್‌ಎಸ್ ಅಧಿಕಾರಿಯಾಗಿ ಮಾಡಿದ ಕೃತ್ಯಗಳಿಗಾಗಿ ಯುದ್ಧ ಮುಗಿದ ಮೇಲೆ ಅಲ್ಲೇ ಗಲ್ಲಿಗೇರಿದ. ಸ್ಲಾವ್ ಭಾಷೆಗಳಿಗೆ ಅಚ್ಚಿನ ಮೊಳೆ ಒದಗಿಸಿದ ನೆಲದಿಂದಲೇ ಸ್ಲಾವ್ ಜನರ ಮೇಲೆ ಹಿಂಸೆ ನಡೆಸಿದವನೂ ಹೋದ. ವಿದ್ವತ್ತು ತಾನಾಗಿಯೇ ಯಾವ ಊರನ್ನೂ ಕಾಯಲಿಲ್ಲ.

1945ರ ಏಪ್ರಿಲ್ 19ರಂದು ಟ್ಯೂಬಿಂಗನ್ ಹೋರಾಟವಿಲ್ಲದೆ ಫ್ರೆಂಚ್ ಸೈನ್ಯಕ್ಕೆ ಶರಣಾಯಿತು. ಗಾಯಾಳುಗಳಿಂದ ತುಂಬಿದ ಆಸ್ಪತ್ರೆಗಳ ಊರು ಅದು. ಶರಣಾಗತಿಗೆ ದುಡಿದವರಲ್ಲಿ ಥಿಯೊಡೋರ್ ಡೋಬ್ಲರ್ ಎಂಬ ಸೇನಾ ವೈದ್ಯನ ಹೆಸರನ್ನು ಊರು ನೆನೆಯುತ್ತದೆ. 1435ರ ಪುರಭವನ, ಅದರ ಮುಂಭಾಗಕ್ಕೆ 1511ರಲ್ಲಿ ಯೊಹಾನ್ನೆಸ್ ಸ್ಟೋಫ್ಲರ್ ಮಾಡಿಕೊಟ್ಟ ಖಗೋಳ ಗಡಿಯಾರ, ಮರದ ಚೌಕಟ್ಟಿನ ಮನೆಗಳು ಇವೆಲ್ಲ ಉಳಿದದ್ದು ಹೀಗೆ.

ಕನ್ನಡ ಸಂಶೋಧಕರಲ್ಲಿ ನನ್ನದೊಂದು ಕೋರಿಕೆ. 1980ರ ದಶಕದಲ್ಲಿ ಮಲಯಾಳಂ ವಿದ್ವಾಂಸ ಸ್ಕರಿಯ ಸಕ್ಕರಿಯ ಅವರು ಟ್ಯೂಬಿಂಗನ್ ಗ್ರಂಥಾಲಯದಲ್ಲಿ ಗುಂಡರ್ಟರ ಸಂಗ್ರಹವನ್ನು ಪತ್ತೆಹಚ್ಚಿ ಅದರಿಂದ ಹಲವು ಗ್ರಂಥಗಳನ್ನು ಹೊರತಂದರು. 2018ರಲ್ಲಿ ವಿಶ್ವವಿದ್ಯಾಲಯ ಆ ಸಂಗ್ರಹವನ್ನು ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಮಲಯಾಳಂ ಜೊತೆಗೆ ಅದರಲ್ಲಿ ಕನ್ನಡ, ತುಳು ಪುಸ್ತಕಗಳೂ ಇವೆ. ಮಲಯಾಳಿಗಳು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ನಮ್ಮ ಪಾಲಿನ ಪುಸ್ತಕಗಳನ್ನು ಒಂದೊಂದಾಗಿ ತೆರೆದು, ವಿವರಣಾತ್ಮಕ ಸೂಚಿಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಯಾವುದಾದರೂ ಕನ್ನಡ ಅಧ್ಯಯನ ಪೀಠ ಕೈಗೆತ್ತಿಕೊಳ್ಳಬೇಕು.