ಕೆಮ್ಮಿನ ಸೀಸೆಯೂ ಎದೆ ಫೋಟೋ ವ್ಯಾನೂ

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಆರೋಗ್ಯ ಯೋಜನೆಯ ಹೊಣೆ ಹೊತ್ತಿದ್ದಾರೆ. ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರೇ, ಹಣ ಕೊಡುವವರು ಸಾಂಸ್ಥಿಕ ಸಾಮರ್ಥ್ಯದ ಮೌಲ್ಯಮಾಪನ ಅಂತ ಒಂದು ನಮೂನೆ ಕಳಿಸಿದ್ದಾರೆ. ಸಿಬ್ಬಂದಿ ಎಷ್ಟು, ವಾಹನ ಎಷ್ಟು, ತರಬೇತಿ ಎಷ್ಟು, ಎಲ್ಲಾ ತುಂಬಬೇಕು. ಅದರಲ್ಲಿ ರೋಗಿಗಳ ಬಗ್ಗೆ ಒಂದು ಪ್ರಶ್ನೆಯೂ ಇಲ್ಲವಲ್ಲ ಸಾರ್" ಎಂದರು. ಇತಿಹಾಸ ಪಾಠ ಮಾಡಿದವನಿಗೆ ಇಂತಹ ಪ್ರಶ್ನೆ ಸಿಕ್ಕಿದರೆ ಉತ್ತರ ಚಿಕ್ಕದಾಗುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆಯನ್ನು ಹಿಂದೆ ಸರಿಯಾಗಿ ಕೇಳಿದವರು ನಮ್ಮ ನೆಲಮಂಗಲ, ದೇವನಹಳ್ಳಿ ಸೀಮೆಯ ಮಣ್ಣುರಸ್ತೆಗಳಲ್ಲಿಯೇ ಓಡಾಡಿದ್ದರು.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 'ಅವಲಾನ್' ಎಂಬ ಹಳೆಯ ಬಂಗಲೆಯೊಂದಿದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1959ರಲ್ಲಿ ಅಲ್ಲಿ ಆರಂಭವಾಯಿತು. 1960ರ ಸೆಪ್ಟೆಂಬರ್ ತಿಂಗಳಲ್ಲಿ ಪ್ರಧಾನಿ ನೆಹರೂ ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಭಾರತ ಸರ್ಕಾರದ ಸಂಸ್ಥೆಯಾದರೂ ವಿಶ್ವ ಆರೋಗ್ಯ ಸಂಸ್ಥೆಯು ತಜ್ಞರನ್ನೂ, ಯುನಿಸೆಫ್ ಕ್ಷ-ಕಿರಣ ಯಂತ್ರ, ವಾಹನ ಮುಂತಾದ ಸಲಕರಣೆಗಳನ್ನೂ ಒದಗಿಸಿದವು. ಹಾಗೆ ಬಂದ ತಜ್ಞರಲ್ಲಿ ಡೆನ್ಮಾರ್ಕಿನ ಹಾಫ್ಡಾನ್ ಮಾಹ್ಲರ್ ಒಬ್ಬರು. ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದವರು ಇವರೇ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಕ್ಷಯ ಎಂದರೆ ಆರೋಗ್ಯಧಾಮ, ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ ಎಂದು ಎಲ್ಲರೂ ನಂಬಿದ್ದ ಕಾಲವದು. ಮೈಸೂರಿನಲ್ಲಿ ನಾಲ್ವಡಿಯವರು ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಆಸ್ಪತ್ರೆಯೂ ಅದೇ ನಂಬಿಕೆಯ ಫಲ. ಆದರೆ 1955ರಿಂದ 1958ರವರೆಗೆ ದೇಶಾದ್ಯಂತ ನಡೆದ ಮಾದರಿ ಸಮೀಕ್ಷೆಯು, ಕ್ಷಯವು ಪಟ್ಟಣದಲ್ಲಿರುವಷ್ಟೇ ಹಳ್ಳಿಯಲ್ಲೂ ಇದೆ ಎಂದು ತೋರಿಸಿತು. ಇಷ್ಟು ಜನರಿಗೆ ಹಾಸಿಗೆ ಹಾಕುವುದು ಯಾವ ಸರ್ಕಾರದಿಂದಲೂ ಆಗದು. ಅದೃಷ್ಟವಶಾತ್ ಮದರಾಸಿನಲ್ಲಿ ನಡೆದ ಪ್ರಯೋಗವೊಂದು, ಮಾತ್ರೆ ತಪ್ಪದೆ ನುಂಗಿದರೆ ಮನೆಯಲ್ಲಿದ್ದೂ ರೋಗಿ ಗುಣಹೊಂದುತ್ತಾನೆ ಎಂದು 1959ರಲ್ಲಿ ಸ್ಪಷ್ಟಪಡಿಸಿತು. ಉಳಿದ ಪ್ರಶ್ನೆ ಒಂದೇ: ಆ ಮಾತ್ರೆಯನ್ನು ಯಾರು ಕೊಡಬೇಕು, ಎಲ್ಲಿ ಕೊಡಬೇಕು?

ಇಲ್ಲಿ ಅವಲಾನ್ ಬಂಗಲೆಯವರು ಒಂದು ಅಪರೂಪದ ಕೆಲಸ ಮಾಡಿದರು. ಯೋಜನೆ ಬರೆಯುವುದಕ್ಕೆ ಮುನ್ನ ಹಳ್ಳಿಗೆ ಹೋಗಿ ನೋಡಿದರು. ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬುವರು ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೋಗ ಕಂಡುಬಂದವರನ್ನೇ ಹುಡುಕಿ ಮಾತನಾಡಿಸಿದರು. ಹಳ್ಳಿಗರು ಅಜ್ಞಾನಿಗಳು, ತಮಗೆ ಕಾಯಿಲೆಯಿರುವುದೇ ಅವರಿಗೆ ತಿಳಿಯದು, ತಿಳಿದರೂ ಮಂತ್ರವಾದಿಯ ಬಳಿಗೆ ಹೋಗುತ್ತಾರೆ ಎಂಬುದು ಆಗಿನ ವಿದ್ಯಾವಂತರ ಅಭಿಪ್ರಾಯವಾಗಿತ್ತು. (ಈಗಲೂ ಅನೇಕರ ಅಭಿಪ್ರಾಯ ಅದೇ.) 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು, ಹೆಚ್ಚಿನವರು ಅದಕ್ಕಾಗಿ ಚಿಂತೆಗೊಳಗಾಗಿದ್ದರು, ಸುಮಾರು ಅರ್ಧದಷ್ಟು ಜನ ಆಧುನಿಕ ವೈದ್ಯದ ದವಾಖಾನೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ.

ಆ ಸೀಸೆಯನ್ನು ನಾನು ಬಲ್ಲೆ. ನನ್ನ ಬಾಲ್ಯದಲ್ಲಿ ಸರ್ಕಾರಿ ದವಾಖಾನೆಗೆ ಹೋಗುವಾಗ ಮನೆಯಿಂದಲೇ ತೊಳೆದ ಸೀಸೆಯೊಂದನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆವು. ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪು ನೀರನ್ನು ಅದಕ್ಕೆ ತುಂಬಿ, ಅಳತೆಗೆ ಕಾಗದದ ಪಟ್ಟಿಯೊಂದನ್ನು ಅಂಟಿಸಿಕೊಡುತ್ತಿದ್ದರು. ಮಕ್ಕಳ ನೆಗಡಿಗೂ, ಕೂಲಿಯವನ ಎರಡು ತಿಂಗಳ ಕೆಮ್ಮಿಗೂ ಅದೇ ಜಾಡಿ. ಎರಡು ತಿಂಗಳು ಕೆಮ್ಮಿದವನ ಕಫವನ್ನು ಸೂಕ್ಷ್ಮದರ್ಶಕದಡಿ ನೋಡುವವರಿರಲಿಲ್ಲ. ಕೊರತೆ ಇದ್ದದ್ದು ಹಳ್ಳಿಯವನ ತಿಳಿವಳಿಕೆಯಲ್ಲಲ್ಲ, ಅವನು ನಡೆದು ತಲುಪಿದ ಜಾಗದಲ್ಲಿ. ಸಂಸ್ಥೆಯ ಸಾಮರ್ಥ್ಯವನ್ನು ಹೊಸಿಲಿನ ಈಚೆ ನಿಂತು, ರೋಗಿಯ ಕಡೆಯಿಂದ ಅಳೆದದ್ದು ಎಂದರೆ ಇದು.

ಇದರ ಬೆನ್ನಲ್ಲೇ ನಮ್ಮ ಸೀಮೆಯ ಸರದಿ. 1961ರಿಂದ 1968ರವರೆಗೆ ಆಗಿನ ಬೆಂಗಳೂರು ಜಿಲ್ಲೆಯ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಸಂಸ್ಥೆಯವರು ನಾಲ್ಕು ಸಲ ಮನೆಮನೆ ಎಣಿಸಿದರು. ತೋಳಿಗೆ ಸೂಜಿ ಹಾಕಿ, ಕೆಲವು ದಿನಗಳ ಬಳಿಕ ಮತ್ತೆ ಬಂದು ಊತವನ್ನು ಅಳೆದರು. ವ್ಯಾನಿನಲ್ಲಿ ಎದೆಯ ಚಿತ್ರ ತೆಗೆದರು, ಸಂಶಯ ಬಂದವರ ಕಫ ಪರೀಕ್ಷಿಸಿದರು. ನೆಲಮಂಗಲ ಕಡೆಯ ನಮ್ಮ ಬಂಧುಗಳಲ್ಲಿ ಹಿರಿಯರು 'ಎದೆ ಫೋಟೋ ವ್ಯಾನು' ಎಂದು ಅದನ್ನು ಬಹುಕಾಲ ನೆನೆಯುತ್ತಿದ್ದರು. ಆ ಹಳ್ಳಿಗಳಲ್ಲಿ ಆಗ ವ್ಯವಸ್ಥಿತವಾದ ಚಿಕಿತ್ಸಾ ಕಾರ್ಯಕ್ರಮ ಇರಲಿಲ್ಲವೆಂದೇ ಹೇಳಬೇಕು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಮೂರರಲ್ಲೊಂದು ಪಾಲು ತಾವಾಗಿ ಗುಣವಾಗಿದ್ದರು. ಉಳಿದವರು ಇನ್ನೂ ಕೆಮ್ಮುತ್ತ ಇತರರಿಗೆ ಹರಡುತ್ತಿದ್ದರು. 1974ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಇಂದಿಗೂ ಜಗತ್ತಿನ ವೈದ್ಯರು ಉಲ್ಲೇಖಿಸುತ್ತಾರೆ. ಆ ಅರ್ಧ ಭಾಗದಲ್ಲಿ ನಮ್ಮೂರುಗಳ ಯಾರ ಮನೆಯ ದೀಪ ಆರಿತ್ತೋ, ಅಂಕಿಯಲ್ಲಿ ಅದು ಕಾಣುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ 1962ರಿಂದ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮದ ತಿರುಳು ಸರಳವಾದದ್ದು. ಹೊಸ ಆಸ್ಪತ್ರೆ ಬೇಡ, ಇರುವ ದವಾಖಾನೆಯಲ್ಲೇ ಕಫ ಪರೀಕ್ಷೆ ಆಗಲಿ, ತಿಂಗಳಿಗೊಮ್ಮೆ ಮಾತ್ರೆ ಅಲ್ಲೇ ಸಿಗಲಿ. ಜಿಲ್ಲಾ ಕೇಂದ್ರದಲ್ಲಿ ಅವಲಾನಿನಲ್ಲಿ ತರಬೇತಿ ಪಡೆದ ಒಂದು ಚಿಕ್ಕ ತಂಡ, ಒಂದು ಕ್ಷ-ಕಿರಣ ಯಂತ್ರ, ಒಂದು ವಾಹನ. ಇದಕ್ಕಿಂತ ಬುದ್ಧಿವಂತಿಕೆಯ ಯೋಜನೆಯನ್ನು ನಮ್ಮ ದೇಶ ಹೆಚ್ಚು ಕಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಕಾಗದದ ಮೇಲೆ ಬೆಳೆದದ್ದು ಒಂದು, ಹೊಲದಲ್ಲಿ ಬೆಳೆದದ್ದು ಇನ್ನೊಂದು. ಮುಂದಿನ ಮೂವತ್ತು ವರ್ಷ ವರದಿಗಳಲ್ಲಿ ಎಷ್ಟು ಜಿಲ್ಲೆಗಳಲ್ಲಿ ಕೇಂದ್ರ ತೆರೆಯಿತು, ಎಷ್ಟು ಯಂತ್ರ ಬಂತು, ಎಷ್ಟು ಮಂದಿಗೆ ತರಬೇತಿಯಾಯಿತು ಎಂಬ ಲೆಕ್ಕ ಮುಂದೆ ಬಂದಿತು. ಗಮನ ಬೇರೆಡೆಗೂ ಹರಿಯಿತು. 1973ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ ನೆರವಿನಿಂದ ನಮ್ಮ ಬೆಂಗಳೂರು ವಿಭಾಗದಲ್ಲಿ ಆರಂಭವಾದ ಜನಸಂಖ್ಯಾ ಯೋಜನೆ ಕಟ್ಟಡಗಳನ್ನೂ ಸಿಬ್ಬಂದಿಯನ್ನೂ ತಂದಿತು, ಆದರೆ ಅದರ ಗುರಿ ಕುಟುಂಬ ಯೋಜನೆ. ಕೊನೆಗೆ 1992ರಲ್ಲಿ ಭಾರತ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸ್ವೀಡನ್ನಿನ ನೆರವು ಸಂಸ್ಥೆ ಒಟ್ಟಾಗಿ ಕ್ಷಯ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಕಂಡದ್ದು ದುಃಖದ ಚಿತ್ರ. ಹಣ ಸಾಲದು, ಔಷಧಿ ಸರಿಯಾಗಿ ಬರುತ್ತಿಲ್ಲ, ಕಫ ಪರೀಕ್ಷೆ ಬಿಟ್ಟು ಕ್ಷ-ಕಿರಣವನ್ನೇ ನೆಚ್ಚಿಕೊಂಡಿದ್ದಾರೆ. ಚಿಕಿತ್ಸೆ ಪೂರೈಸುವವರು ಅರ್ಧಕ್ಕಿಂತ ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ, ಚಿಕಿತ್ಸೆ ಆರಂಭಿಸಿದ ರೋಗಿ ಕೊನೆಗೆ ಏನಾದ ಎಂಬ ಕ್ರಮಬದ್ಧ ಲೆಕ್ಕವೇ ಇಲ್ಲ.

ಪರಿಷ್ಕೃತ ಕಾರ್ಯಕ್ರಮವು 1993ರಲ್ಲಿ ಪ್ರಾಯೋಗಿಕವಾಗಿ, 1997ರಿಂದ ವಿಶ್ವಬ್ಯಾಂಕಿನ ಸಾಲದೊಂದಿಗೆ ವಿಸ್ತಾರವಾಗಿ ಆರಂಭವಾಯಿತು. ನನ್ನ ವಿದ್ಯಾರ್ಥಿ ಕೇಳಿದ ಮೌಲ್ಯಮಾಪನ ಇಲ್ಲಿ ಕಟ್ಟುನಿಟ್ಟಾಗಿ ಬಂದಿತು. ಯಾವ ಜಿಲ್ಲೆಯೂ ತಾನೇ ಸಿದ್ಧವೆಂದು ಘೋಷಿಸಿಕೊಳ್ಳುವಂತಿರಲಿಲ್ಲ. ಲಕ್ಷ ಜನರಿಗೊಂದು ಕಫ ಪರೀಕ್ಷಾ ಕೇಂದ್ರ ನಡೆಯುತ್ತಿದೆಯೇ, ಐದು ಲಕ್ಷಕ್ಕೆ ಮೇಲ್ವಿಚಾರಕರು ನೇಮಕವಾಗಿದ್ದಾರೆಯೇ, ತರಬೇತಿ ಮುಗಿದಿದೆಯೇ, ಔಷಧಿ ಬಂದಿದೆಯೇ ಎಂದು ಹೊರಗಿನ ತಂಡ ಬಂದು ನೋಡಿದ ಮೇಲೆಯೇ ಚಿಕಿತ್ಸೆ ಆರಂಭ. ಪ್ರತಿ ರೋಗಿಯ ಹೆಸರಿನಲ್ಲಿ ಪೂರ್ತಿ ಚಿಕಿತ್ಸೆಯ ಔಷಧಿ ತುಂಬಿದ ಒಂದು ಪೆಟ್ಟಿಗೆ. ದಾಸ್ತಾನು ಮುಗಿಯಿತು ಎಂಬ ಮಾತಿಗೆ ಎಡೆಯಿಲ್ಲ. ಮೂರು ತಿಂಗಳಿಗೊಮ್ಮೆ ದಾಖಲಾದ ಪ್ರತಿಯೊಬ್ಬರೂ ಗುಣವಾದರೇ, ಸತ್ತರೇ, ಬಿಟ್ಟುಹೋದರೇ ಎಂದು ಲೆಕ್ಕ ಒಪ್ಪಿಸಬೇಕು. ಹೊಸ ರೋಗಿಗಳಲ್ಲಿ ನೂರಕ್ಕೆ 85 ಮಂದಿ ಗುಣವಾಗಬೇಕೆಂಬುದು ಗುರಿ. 2006ರ ಮಾರ್ಚ್ ಹೊತ್ತಿಗೆ ಇದು ಇಡೀ ದೇಶವನ್ನು ತಲುಪಿತು.

ರೋಗಿಯನ್ನೇ ಎಣಿಸಿದರೆ ಎಲ್ಲ ಸರಿಹೋಗುತ್ತದೆಯೇ? ಅದೂ ಇಲ್ಲ. ವಿಳಾಸವಿಲ್ಲದ ವಲಸೆ ಕೂಲಿಗಳು ನಡುವೆ ಬಿಟ್ಟುಹೋಗಿ ಗುರಿ ಕೆಡಿಸುತ್ತಾರೆಂಬ ಭಯದಿಂದ ಅಂಥವರನ್ನು ಹೊಸ ಚಿಕಿತ್ಸಾ ಕ್ರಮದಿಂದ ದೂರವಿಡುತ್ತಿದ್ದುದನ್ನು ದೆಹಲಿಯ ಅಧ್ಯಯನವೊಂದು 2002ರಲ್ಲಿ ದಾಖಲಿಸಿದೆ. ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಬರಲೆಂದು ದುರ್ಬಲ ಮಕ್ಕಳನ್ನು ಒಂಬತ್ತರಲ್ಲೇ ತಡೆಯುತ್ತಿದ್ದ ಶಾಲೆಗಳನ್ನು ನಾನು ಕಂಡಿದ್ದೇನೆ. ಫಲಕದ ಮೇಲೆ 100 ಎಂದು ಬರೆದಿರುತ್ತಿತ್ತು. ತಡೆಹಿಡಿದ ಮಕ್ಕಳು ಇಟ್ಟಿಗೆ ಗೂಡಿನಲ್ಲಿರುತ್ತಿದ್ದರು.

ಈಚಿನ ಇನ್ನೊಂದು ಉದಾಹರಣೆಯನ್ನೂ ಅವರಿಗೆ ಹೇಳಿದೆ. ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಎಂಬ ಎಚ್‌ಐವಿ ತಡೆ ಕಾರ್ಯಕ್ರಮವು 2003ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ನಡೆಯಿತು. ಮುಂದೆ 2009ರಿಂದ ಕಂತುಕಂತಾಗಿ ಅದನ್ನು ಸರ್ಕಾರಕ್ಕೆ ಒಪ್ಪಿಸಲಾಯಿತು. ಒಪ್ಪಿಸುವ ಮುನ್ನ ಪ್ರತಿ ಸಂಸ್ಥೆಯ ಖರ್ಚು ಸರ್ಕಾರಿ ದರಕ್ಕೆ ಇಳಿದಿದೆಯೇ, ಕಡಿಮೆ ಸಿಬ್ಬಂದಿಯಲ್ಲಿ ಕೆಲಸ ಸಾಗೀತೇ ಎಂದು ಪರಿಶೀಲಿಸಿದರು. ದಾನಿ ಹೊರಟ ಮೇಲೆ ಏನು ಉಳಿಯುತ್ತದೆ ಎಂದು ದಾನಿಯೇ ಕೇಳಿಕೊಂಡದ್ದು ನನಗೆ ಮೆಚ್ಚಿಗೆಯಾಯಿತು. ಆದುದರಿಂದ ನಮೂನೆಯನ್ನು ಕಳಿಸಿದವರೊಡನೆ ಜಗಳ ಬೇಡ, ಎಲ್ಲ ಕಲಮುಗಳನ್ನೂ ತುಂಬಿ ಎಂದೆ. ಅದರ ಜೊತೆಗೆ ಬೇರೆ ಹಾಳೆಯಲ್ಲಿ, ಕಳೆದ ವರ್ಷ ನಿಮ್ಮಲ್ಲಿಗೆ ಬಂದು ಮರಳಿ ಬಾರದ ಹತ್ತು ಜನರನ್ನು ಹುಡುಕಿ, ಏಕೆ ಬರಲಿಲ್ಲವೆಂದು ಕೇಳಿ, ಅವರ ಹೆಸರು ಬರೆಯದೆ ಉತ್ತರ ಮಾತ್ರ ಬರೆದು ಲಗತ್ತಿಸಿ ಎಂದು ಹೇಳಿದೆ. ಹಾಗೆಯೇ ಮಾಡುವುದಾಗಿ ಒಪ್ಪಿದ್ದಾರೆ.

ಆ 119 ಹಳ್ಳಿಗಳ ಪೈಕಿ ನಿಮ್ಮ ಊರೂ ಇದ್ದೀತು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಅಜ್ಜಿ ಇದ್ದರೆ ತೋಳಿಗೆ ಸೂಜಿ ಹಾಕಿಸಿಕೊಂಡ ನೆನಪಿದೆಯೇ, ವ್ಯಾನು ಯಾವ ಮರದಡಿ ನಿಲ್ಲುತ್ತಿತ್ತು ಎಂದು ವಿಚಾರಿಸಿ ನನಗೆ ತಿಳಿಸಿ.