ಮಕ್ಕಳ ಮೂಳೆ ಕ್ಷಯ: ಮಂಚದಿಂದ ಮಾತ್ರೆಗೆ

ಕ್ಷಯ ಎಂದರೆ ಕೆಮ್ಮು, ಕಫ ಎಂದೇ ನಮ್ಮ ತಿಳಿವಳಿಕೆ. ಮಗುವಿನ ಮೂಳೆಗೆ ಇಳಿದ ಕ್ಷಯ ಹಾಗೆ ಸದ್ದು ಮಾಡುವುದಿಲ್ಲ. ಮಗು ತುಸು ಕುಂಟುತ್ತದೆ, ರಾತ್ರಿ ನಿದ್ದೆಯಲ್ಲಿ ಚೀರಿ ಏಳುತ್ತದೆ. ನೋಯುವ ಕೀಲನ್ನು ಹಗಲೆಲ್ಲ ಬಿಗಿಹಿಡಿದ ಸ್ನಾಯುಗಳು ನಿದ್ದೆಯಲ್ಲಿ ಸಡಿಲಗೊಳ್ಳುವುದೇ ಆ ಚೀತ್ಕಾರಕ್ಕೆ ಕಾರಣ. ಎಲ್ಲೋ ಬಿದ್ದಿರಬೇಕೆಂದು ಮನೆಯವರು ಎಣ್ಣೆ ತಿಕ್ಕುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಈ ಕ್ಷಯ ತರುವ ಬೆನ್ನಿನ ಗೂನಿಗೂ ಕಾಲಿನ ಸ್ವಾಧೀನ ತಪ್ಪುವುದಕ್ಕೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನೇ ತೋರಿಸಿದ. ಆದರೂ ಮುಂದಿನ ಅರವತ್ತು ವರ್ಷ ಮದ್ದು ಸಿಗಲಿಲ್ಲ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ದಬ್ಬೆ ಕಟ್ಟಿ ಕೀಲು ಅಲುಗದಂತೆ ಇರಿಸಿದ. ಆಗಸ್ಟ್ ರೋಲಿಯೆ 1903ರಿಂದ ಸ್ವಿಸ್ ಆಲ್ಪ್ಸ್‌ನಲ್ಲಿ ಮಕ್ಕಳನ್ನು ಬಿಸಿಲಿಗೆ ಮಲಗಿಸಿದ. 1911ರಲ್ಲಿ ನ್ಯೂಯಾರ್ಕಿನಲ್ಲಿ ಹಿಬ್ಸ್, ಆಲ್ಬಿ ಬೆನ್ನುಮೂಳೆ ಬೆಸೆಯುವ ಶಸ್ತ್ರಕ್ರಿಯೆ ಆರಂಭಿಸಿದರು. ಹೆಚ್ಚಿನ ಮಕ್ಕಳ ಪಾಲಿಗೆ ಬಂದದ್ದು ಮಾತ್ರ ವರ್ಷಗಟ್ಟಲೆ ಮಂಚ.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್ ಬಂದವು. ಮದ್ದು ಬಂದರೂ ಮಂಚ ಬಿಡಿಸಲು ವೈದ್ಯರಿಗೆ ಧೈರ್ಯ ಸಾಲಲಿಲ್ಲ. ಅದನ್ನು ಬಿಡಿಸಿದ್ದು 1960ರ ದಶಕದಲ್ಲಿ ದಕ್ಷಿಣ ಕೊರಿಯಾದಲ್ಲಿ ಆರಂಭವಾದ ಪ್ರಯೋಗಗಳು. ಮಾಸಾನ್‌ನಲ್ಲಿ ಕೆಲವರನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಉಳಿದವರನ್ನು ಓಡಾಡಲು ಬಿಟ್ಟು ಮದ್ದು ಕೊಟ್ಟರು. ಪೂಸಾನ್‌ನಲ್ಲಿ ಅರ್ಧ ಜನಕ್ಕೆ ಪ್ಲಾಸ್ಟರ್ ಕವಚ ಹಾಕಿದರು, ಉಳಿದವರಿಗೆ ಹಾಕಲಿಲ್ಲ. ಎರಡೂ ಕಡೆ ಫಲ ಒಂದೇ. ಮೂಳೆ ಕ್ಷಯದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬಿಡುಗಡೆ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ಇತ್ತ ಹಾಂಗ್‌ಕಾಂಗ್‌ನಲ್ಲಿ ಹಾಡ್ಗ್‌ಸನ್ ರೋಗ ಹಿಡಿದ ಮೂಳೆಯನ್ನು ಮುಂಭಾಗದಿಂದ ತೆಗೆದು ನಾಟಿ ಹಾಕುತ್ತಿದ್ದರು. ವಾರಾಣಸಿಯ ಎಸ್.ಎಂ. ತುಲಿ 1975ರಲ್ಲಿ ಮಧ್ಯಮ ಮಾರ್ಗ ಹೇಳಿದರು: ಮದ್ದು ಎಲ್ಲರಿಗೆ, ಚಾಕು ಬೇಕಾದವರಿಗಷ್ಟೆ.

ಇಷ್ಟಾದ ಮೇಲೂ ಮಗು ವಯಸ್ಕರ ಚಿಕ್ಕ ಪ್ರತಿಯಲ್ಲ ಎಂಬುದು ತಡವಾಗಿ ಹೊಳೆಯಿತು. ಕೊಯಮತ್ತೂರಿನ ಎಸ್. ರಾಜಶೇಖರನ್ 61 ಮಕ್ಕಳ ಬೆನ್ನುಮೂಳೆಯನ್ನು 15 ವರ್ಷಗಳ ಅವಧಿಯಲ್ಲಿ ಗಮನಿಸಿ 2001ರಲ್ಲಿ ವರದಿ ಮಾಡಿದರು. ಬೆಳೆಯುತ್ತ ಹೋದಂತೆ ಸುಮಾರು ಹತ್ತರಲ್ಲಿ ನಾಲ್ಕು ಮಕ್ಕಳ ಗೂನು ಹೆಚ್ಚಿತು. ಹೆಚ್ಚುಕಡಿಮೆ ಅಷ್ಟೇ ಮಕ್ಕಳದು ತಾನಾಗಿ ತಗ್ಗಿತು. ಯಾರ ಬೆನ್ನು ಕುಸಿಯಬಹುದೆಂದು ಎಕ್ಸ್‌ರೇಯಲ್ಲೇ ಮೊದಲೇ ಗುರುತಿಸಲು ಅವರು ನಾಲ್ಕು ಲಕ್ಷಣಗಳನ್ನು ಕೊಟ್ಟರು.

ರೋಗ ಗುರುತಿಸುವುದು ಇಂದಿಗೂ ಕಷ್ಟ. ಮೂಳೆಯಲ್ಲಿ ರೋಗಾಣು ವಿರಳ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಮೂಳೆ ಸಾಕಷ್ಟು ಸವೆದಿರುತ್ತದೆ. ಎಂಆರ್‌ಐ ಮೊದಲೇ ಸುಳಿವು ಕೊಡುತ್ತದೆ. ಕೀವಿನಿಂದಲೋ ಮೂಳೆಯ ಚೂರಿನಿಂದಲೋ ಮಾಡುವ ಸಿಬಿನ್ಯಾಟ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ರೋಗಾಣುವನ್ನೂ ರಿಫಾಂಪಿಸಿನ್ ಎಂಬ ಮದ್ದಿಗೆ ಅದು ಬಗ್ಗುವುದೇ ಎಂಬುದನ್ನೂ ಹೇಳುತ್ತದೆ. ಆದರೆ ವರದಿ ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ನಮ್ಮ ದೇಶದ 2016ರ ಮಾರ್ಗಸೂಚಿಯಂತೆ ಮದ್ದಿನ ಅವಧಿ ಸಾಮಾನ್ಯವಾಗಿ 12 ತಿಂಗಳು, ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ.

ಮಗು ಕೆಲವು ವಾರ ಕುಂಟಿದರೆ, ಬೆನ್ನು ಬಿಗಿಹಿಡಿದು ನಡೆದರೆ ಎಣ್ಣೆ ಬದಿಗಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನಿನ ಕ್ಷಯವಾಗಿದ್ದರೆ ಮಾತ್ರೆ ಮುಗಿದ ಮೇಲೂ, ಬೆಳವಣಿಗೆ ನಿಲ್ಲುವವರೆಗೆ ತಪಾಸಣೆ ತಪ್ಪಿಸಬೇಡಿ.